ನೀರನ್ನು ನೀರಿನಿಂದಲೇ ತಡೆಯಬಹುದಾ?



ಹೋದ ವಾರ ಸಿಂಧನೂರು ಕಡೆಯ ವೀಕ್ಷಕರೊಬ್ಬರು ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದ್ರು. ಅರ್ಧ ನಿಮಿಷದ್ದು. ಒಂದು ನದಿ. ನದಿಯ ನಡುವೆ ಕಪ್ಪು ಬಣ್ಣದ ದಪ್ಪ ಕೊಳವೆ, ಹೆಬ್ಬಾವು ಮಲಗಿದ ಹಾಗೆ. ಕೊಳವೆಯ ಒಂದು ಪಕ್ಕ ಸೊಂಟದ ಮಟ್ಟಕ್ಕೆ ನೀರು ಹರೀತಾ ಇದೆ. ಇನ್ನೊಂದು ಪಕ್ಕ ನೆಲ ಒಣಗಿದೆ. ಅಲ್ಲಿ ಹೆಲ್ಮೆಟ್ ಹಾಕಿಕೊಂಡ ಇಬ್ಬರು ಸೇತುವೆ ಕಂಬದ ಬುಡಕ್ಕೆ ಕಾಂಕ್ರೀಟ್ ಹಾಕ್ತಾ ಇದ್ದಾರೆ. ವಿಡಿಯೋ ಕೆಳಗೆ ಅವರ ಪ್ರಶ್ನೆ: "ಸರ, ಇಂಥಾ ಪೈಪ್ ಹಾಕಿ ನೀರು ತಡದು ಡ್ಯಾಮಿನ ಗೇಟ್ ಕೂಡಿಸಬಹುದಲ್ರೀ? ಅದಕ್ಯಾಕ ನಮ್ಮ ಬೆಳಿ ಕಳೀತಾರ?"

ಪ್ರಶ್ನೆ ಸಣ್ಣದಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಈ ಸಲ ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನ ಆಗಿದೆ. ಜಲಾಶಯದ ಹಳೇ ಗೇಟುಗಳನ್ನ ಬದಲಾಯಿಸಬೇಕು, ಅದಕ್ಕೆ. ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಎರಡನೇ ಬೆಳೆ ಅಂದ್ರೆ ಭತ್ತ. ಒಂದು ಬೆಳೆ ಹೋಯ್ತು ಅಂದ್ರೆ ಆ ವರ್ಷದ ಅರ್ಧ ದುಡಿಮೆ ಹೋಯ್ತು. ಜೊತೆಗೆ ನಾಟಿಗೆ ಬರುವ ಕೂಲಿಯವರ ಕೆಲಸ, ಕೊಯ್ಲು ಯಂತ್ರದವರ ಬಾಡಿಗೆ, ಅಕ್ಕಿ ಗಿರಣಿಯ ವ್ಯವಹಾರ, ದನಕ್ಕೆ ಹುಲ್ಲು. ಹಾಗಾಗಿ ಈ ಪ್ರಶ್ನೆಗೆ ಒಂದು 'ಆಗಲ್ಲ ಬಿಡ್ರಿ' ಹೇಳಿ ಮುಗಿಸೋಕೆ ನನಗೆ ಮನಸ್ಸು ಬರಲಿಲ್ಲ. ಎಂಜಿನಿಯರಿಂಗ್ ಓದಿ ಟಿವಿಗೆ ಬಂದವನು ನಾನು. ಓದಿದ್ದು ಎಲ್ಲಿ ಉಪಯೋಗಕ್ಕೆ ಬಂತು ಅಂತ ಮನೆಯಲ್ಲಿ ಇವತ್ತಿಗೂ ಕೇಳ್ತಾರೆ. ಇವತ್ತು ಸ್ವಲ್ಪ ಉಪಯೋಗಿಸೋಣ.

ಮೊದಲು ಆ ಕೊಳವೆ ಏನು ಅಂತ ನೋಡೋಣ.

ಇಂಥದ್ದೇ ಇನ್ನೊಂದು ದೃಶ್ಯ ನಿಮ್ಮಲ್ಲಿ ಹಲವರು ನೋಡಿರ್ತೀರಿ. 2016ರ ಜೂನ್. ಅಮೆರಿಕದ ಟೆಕ್ಸಾಸ್‌ನಲ್ಲಿ ಬ್ರಾಜೋಸ್ ನದಿಗೆ ಪ್ರವಾಹ. ರೋಶರಾನ್ ಅನ್ನೋ ಊರಲ್ಲಿ ಒಬ್ಬ ತನ್ನ ಮನೆ ಸುತ್ತ ನೀರು ತುಂಬಿದ ಕೊಳವೆ ಹಾಕ್ಕೊಂಡ. ಎತ್ತರ ಬರೀ 30 ಇಂಚು, ಉದ್ದ 400 ಅಡಿ, ಖರ್ಚು 8,300 ಡಾಲರ್. ಹಾಕುವಾಗ ಓಡಾಡೋರೆಲ್ಲ ನೋಡಿ ನಕ್ಕಿದ್ದರಂತೆ. ಆಮೇಲೆ ಹೆಲಿಕಾಪ್ಟರ್‌ನಿಂದ ತೆಗೆದ ಚಿತ್ರ ಬಂತು: ಸುತ್ತಲೂ ಸಮುದ್ರದ ಹಾಗೆ ಕಂದು ನೀರು, ನಡುವೆ ಒಂದು ಮನೆ, ಅಂಗಳದ ಹುಲ್ಲು ಹಸಿರಾಗೇ ಇದೆ. ಟಿವಿಯವರಿಗೆ ಇದಕ್ಕಿಂತ ಒಳ್ಳೆ ಶಾಟ್ ಬೇಕಾ? ಪ್ರಪಂಚದ ಎಲ್ಲ ಚಾನೆಲ್‌ಗಳೂ ಓಡಿಸಿದವು.

ಅದರೊಳಗೆ ಇರೋದು ಏನು? ನೀರು. ಹೊರಗಿನ ನೀರನ್ನ ತಡೀತಾ ಇರೋದು ಒಳಗಿನ ನೀರು. ನೀರಿಗೆ ನೀರೇ ಅಡ್ಡ.

ಇದು ಮಂತ್ರ ಅಲ್ಲ, ಹೈಸ್ಕೂಲ್ ವಿಜ್ಞಾನ. ನೀರಿನ ಒತ್ತಡ ನಿರ್ಧಾರ ಆಗೋದು ಆಳದಿಂದ. ಕೆರೆ ದೊಡ್ಡದಾ, ಬಾವಿ ಚಿಕ್ಕದಾ ಅನ್ನೋದು ಲೆಕ್ಕಕ್ಕಿಲ್ಲ. ಎಷ್ಟು ಆಳ ಅನ್ನೋದಷ್ಟೇ ಲೆಕ್ಕ. ಕೊಳವೆಯೊಳಗೆ ಐದು ಅಡಿ ನೀರು ನಿಂತಿದೆ, ಹೊರಗೆ ಮೂರೂವರೆ ಅಡಿ ಇದೆ ಅಂದ್ರೆ ಒಳಗಿನ ನೀರಿನ ಒತ್ತಡವೇ ಜಾಸ್ತಿ. ಕೊಳವೆ ಕುಗ್ಗಲ್ಲ. ಇನ್ನು ತೂಕ. ಐದು ಅಡಿ ಎತ್ತರ, ಹತ್ತಡಿ ಅಗಲದ ಕೊಳವೆಯ ಒಂದೊಂದು ಮೀಟರ್ ಉದ್ದಕ್ಕೂ ಮೂರೂವರೆ ಟನ್ ಆಸುಪಾಸು ಭಾರ ಇರುತ್ತೆ. ಮೂರೂವರೆ ಅಡಿ ಆಳದ ನೀರು ಅದೇ ಒಂದು ಮೀಟರ್ ಮೇಲೆ ಪಕ್ಕದಿಂದ ತಳ್ಳೋದು ಅರ್ಧ ಟನ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನೆಲದ ಜೊತೆಗಿನ ಘರ್ಷಣೆ ಆ ತಳ್ಳಾಟವನ್ನ ತಾಳಿಕೊಳ್ಳುತ್ತೆ.

ಆದರೆ ಒಂದು ತಕರಾರಿದೆ. ಒಂದೇ ಕೊಳವೆ ಆದ್ರೆ ಅದು ಜಾರದೇ ಇರಬಹುದು, ಉರುಳುತ್ತೆ. ನೀರು ತುಂಬಿದ ಬಲೂನನ್ನ ಮೇಜಿನ ಮೇಲಿಟ್ಟು ತಳ್ಳಿ ನೋಡಿ, ಗೊತ್ತಾಗುತ್ತೆ. ಇದಕ್ಕೆ ಸಿಕ್ಕಿದ ಉಪಾಯ ನನಗೆ ಬಹಳ ಇಷ್ಟ. ದಪ್ಪ ನೇಯ್ಗೆಯ ಒಂದು ಹೊರ ಚೀಲ. ಅದರೊಳಗೆ ಅಕ್ಕಪಕ್ಕ ಎರಡು ಪ್ಲಾಸ್ಟಿಕ್ ಕೊಳವೆ. ಎರಡಕ್ಕೂ ನೀರು ತುಂಬಿದಾಗ ಒಂದಕ್ಕೊಂದು ಒತ್ತಿಕೊಂಡು ಕೂರ್ತವೆ. ಕಬ್ಬಿನ ಗಾಣ ನೋಡಿದ್ದೀರಲ್ಲ? ಒಂದಕ್ಕೊಂದು ತಾಗಿದ ಉರುಳೆಗಳು ಎದುರುಬದುರು ದಿಕ್ಕಿಗೆ ತಿರುಗಬೇಕು. ಎರಡೂ ಒಂದೇ ದಿಕ್ಕಿಗೆ ತಿರುಗೋಕೆ ಹೋದ್ರೆ ಕಚ್ಚಿಕೊಂಡು ನಿಂತುಬಿಡ್ತವೆ. ಇಲ್ಲೂ ಹಾಗೇ. ನದಿ ಎರಡೂ ಕೊಳವೆಯನ್ನ ಒಂದೇ ದಿಕ್ಕಿಗೆ ಉರುಳಿಸೋಕೆ ನೋಡುತ್ತೆ, ಅವು ಒಂದನ್ನೊಂದು ಕಚ್ಚಿ ನಿಲ್ತವೆ.

ಹಾಕುವ ರೀತಿಯೂ ಸರಳ. ಚಾಪೆ ಸುತ್ತಿದ ಹಾಗೆ ಸುತ್ತಿಟ್ಟ ಕೊಳವೆಯನ್ನ ದಡಕ್ಕೆ ತರ್ತಾರೆ. ಪಂಪ್ ಇಟ್ಟು ಅದೇ ನದಿಯ ನೀರನ್ನ ತುಂಬಿಸ್ತಾರೆ. ತುಂಬ್ತಾ ತುಂಬ್ತಾ ಅದು ತಾನೇ ಬಿಚ್ಚಿಕೊಂಡು ಹೋಗುತ್ತೆ. ಕೆಲಸ ಮುಗಿದ ಮೇಲೆ ನೀರು ವಾಪಸ್ ನದಿಗೆ, ಕೊಳವೆ ವಾಪಸ್ ಲಾರಿಗೆ. ಮಣ್ಣು ತರಬೇಕಾಗಿಲ್ಲ, ಕಲ್ಲು ಹೇರಬೇಕಾಗಿಲ್ಲ.

ನದಿಯಲ್ಲಿ ರಿಪೇರಿ ಮಾಡುವಾಗ ನದಿಯನ್ನ ಪೂರ್ತಿ ನಿಲ್ಲಿಸೋದಿಲ್ಲ, ಅದು ಸಾಧ್ಯವೂ ಇಲ್ಲ. ಅರ್ಧರ್ಧ ಮಾಡ್ತಾರೆ. ದಡದಿಂದ ಶುರುಮಾಡಿ ನದಿಯ ಅರ್ಧಭಾಗವನ್ನ ಕೊಳವೆಯಿಂದ ಬಳಸಿ ಮತ್ತೆ ದಡಕ್ಕೆ ಸೇರಿಸ್ತಾರೆ. ಒಳಗಿನ ನೀರನ್ನ ಪಂಪ್ ಮಾಡಿ ಹೊರಗೆ ಹಾಕ್ತಾರೆ. ಒಳಗೆ ಸಿಕ್ಕ ಮೀನನ್ನ ಹಿಡಿದು ಹರಿಯುವ ಕಡೆ ಬಿಡ್ತಾರೆ. ಉಳಿದರ್ಧದಲ್ಲಿ ನದಿ ತನ್ನ ಪಾಡಿಗೆ ಹರೀತಿರುತ್ತೆ. ಈ ಕಡೆ ಕಂಬಗಳ ಕೆಲಸ ಮುಗೀತು ಅಂದ್ರೆ ಕೊಳವೆ ಆ ಕಡೆಗೆ. ತಳದಿಂದ ನೀರು ಜಿನುಗೋದು ಇದ್ದೇ ಇರುತ್ತೆ, ಅದಕ್ಕೆ ಒಂದು ಪಂಪ್ ಹಗಲೂ ರಾತ್ರಿ ಓಡ್ತಾನೇ ಇರಬೇಕು. ಬಂಡೆ, ಗುಂಡುಕಲ್ಲು ಇರುವ ತಳದಲ್ಲಿ ಸಂದುಗಳಿಂದ ನೀರು ನುಗ್ಗುತ್ತೆ, ಅಲ್ಲಿ ಕಷ್ಟ. ಸೆಳೆತ ಜೋರಿದ್ದರೂ ಕಷ್ಟ. ಆಳ ಹತ್ತು ಹನ್ನೆರಡು ಅಡಿ ದಾಟಿತು ಅಂದ್ರೆ ಕೊಳವೆಯ ಮಾತು ಬಿಟ್ಟು ಉಕ್ಕಿನ ಹಲಗೆಗಳನ್ನ ನೆಲಕ್ಕೆ ಬಡಿಯುವ ಯೋಚನೆ ಮಾಡ್ತಾರೆ.

ನಮ್ಮಲ್ಲಿ ಏನು ಮಾಡ್ತೀವಿ? ಮಣ್ಣಿನ ಒಡ್ಡು. ಜೆಸಿಬಿ ಬರುತ್ತೆ, ದಂಡೆಯನ್ನೇ ಅಗೆದು ನದಿಗೆ ಹಾಕುತ್ತೆ, ಮೇಲೆ ಮರಳಿನ ಚೀಲ. ನಾನು ರಿಪೋರ್ಟರ್ ಆಗಿದ್ದಾಗ ಇಂಥದ್ದೊಂದು ಕಡೆ ಹೋಗಿದ್ದೆ, ಊರಿನ ಹೆಸರು ಬೇಡ. ಹಳ್ಳದ ಸೇತುವೆಯ ಕಂಬದ ಬುಡ ಕೊರೆದುಹೋಗಿತ್ತು. ಜನವರಿಯಲ್ಲಿ ಶುರುವಾಗಬೇಕಾದ ಕೆಲಸ ಬಿಲ್ಲು, ಸಹಿ ಅಂತ ತಿರುಗಿ ತಿರುಗಿ ಏಪ್ರಿಲ್ ಕೊನೆಗೆ ಶುರುವಾಯ್ತು. ಒಡ್ಡು ಹಾಕಿದ ಒಂಬತ್ತನೇ ದಿನ ಮಳೆ ಬಂತು. ಒಡ್ಡು ಹೋಯ್ತು, ಕಬ್ಬಿಣದ ಸರಳು ಹೋಯ್ತು, ಪಂಪೂ ಹೋಯ್ತು. ಮಣ್ಣೆಲ್ಲ ಕೆಳಗಿನ ಚೆಕ್ ಡ್ಯಾಮಲ್ಲಿ ಹೂಳಾಗಿ ಕೂತ್ಕೊಳ್ತು. ಮುಂದಿನ ವರ್ಷ ಆ ಹೂಳು ತೆಗೆಯೋಕೆ ಬೇರೆ ಟೆಂಡರ್! ನನಗೆ ಆವತ್ತು ನಗು ಬಂದಿತ್ತು. ಈಗ ಬರಲ್ಲ.

ಹಾಗಂತ ತಾತ್ಕಾಲಿಕ ಒಡ್ಡು ಅಂದ್ರೆ ನಮಗೆ ಗೊತ್ತಿಲ್ಲದ ವಿದ್ಯೆ ಅಂತಲ್ಲ. ದಕ್ಷಿಣ ಕನ್ನಡ, ಕಾಸರಗೋಡು ಕಡೆ ಮಳೆಗಾಲ ಮುಗಿದ ಮೇಲೆ ರೈತರು ಸೇರಿ ತೋಡಿಗೆ 'ಕಟ್ಟ' ಹಾಕ್ತಾರೆ. ಕಲ್ಲು, ಮಣ್ಣು, ಸೊಪ್ಪು. ಬೇಸಿಗೆ ತನಕ ತೋಟಕ್ಕೆ ನೀರು, ಸುತ್ತಲಿನ ಬಾವಿಗಳಿಗೂ ನೀರು. ಮಳೆಗಾಲಕ್ಕೆ ಅದು ಕೊಚ್ಚಿಹೋಗುತ್ತೆ, ಮತ್ತೆ ಕಟ್ತಾರೆ. ಕಿಂಡಿ ಅಣೆಕಟ್ಟಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬೋದೂ ಅದೇ ಜಾಣತನ. ಅವರಿಗೂ ನಮ್ಮ ಗುತ್ತಿಗೆದಾರರಿಗೂ ಇರುವ ವ್ಯತ್ಯಾಸ ಇಷ್ಟೇ: ಹಲಗೆ ಯಾವಾಗ ಹಾಕಬೇಕು, ಯಾವಾಗ ತೆಗೀಬೇಕು, ತೆಗೆದ ಮೇಲೆ ಯಾರ ಮನೆ ಜಗಲಿಯಲ್ಲಿ ಇಡಬೇಕು ಅನ್ನೋದು ಅಲ್ಲಿ ಊರಿಗೆಲ್ಲ ಗೊತ್ತಿರುತ್ತೆ.

ದೊಡ್ಡ ನದಿಯನ್ನ ಪಕ್ಕಕ್ಕೆ ಸರಿಸಿದ ಪ್ರಸಿದ್ಧ ಕಥೆ ಅಂದ್ರೆ ನಯಾಗರದ್ದು. 1969. ಅಮೆರಿಕದ ಕಡೆಯ ಜಲಪಾತದ ಬುಡದಲ್ಲಿ ಬಂಡೆಗಳು ಬಿದ್ದು ರಾಶಿಯಾಗಿದ್ದವು, 1931ರಲ್ಲಿ ಒಮ್ಮೆ, 1954ರಲ್ಲಿ ಇನ್ನೊಮ್ಮೆ ದೊಡ್ಡ ಕುಸಿತ. ಆ ಬಂಡೆಗಳನ್ನ ತೆಗೀಬೇಕಾ, ಮೇಲಿನ ಕಲ್ಲು ಎಷ್ಟು ಗಟ್ಟಿ ಇದೆ, ನೋಡೋಕೆ ಸೇನೆಯ ಎಂಜಿನಿಯರ್‌ಗಳು ಜೂನ್‌ನಲ್ಲಿ ಜಲಪಾತವನ್ನೇ ನಿಲ್ಲಿಸಿದ್ರು. ದಡದಿಂದ ಗೋಟ್ ಐಲ್ಯಾಂಡ್‌ವರೆಗೆ 600 ಅಡಿ ಉದ್ದದ ಕಲ್ಲುಮಣ್ಣಿನ ಒಡ್ಡು, 27,800 ಟನ್. ನೀರೆಲ್ಲ ಪಕ್ಕದ ಹಾರ್ಸ್‌ಶೂ ಜಲಪಾತದ ಕಡೆಗೆ. ಒಣಗಿದ ಜಲಪಾತ ನೋಡೋಕೂ ಜನ ಬಂದರು. ಪ್ರವಾಸಿಗರು ಹರಕೆಯಂತೆ ಎಸೆದ ನಾಣ್ಯಗಳು ತಳದಲ್ಲಿ ರಾಶಿ ಬಿದ್ದಿದ್ದವು. ನವೆಂಬರ್ 25ಕ್ಕೆ ಒಡ್ಡು ಒಡೆದು ನೀರು ಬಿಟ್ಟರು. ಕೊನೆಗೆ ಬಂಡೆಗಳನ್ನ ಇದ್ದ ಹಾಗೇ ಬಿಡೋದು ಅಂತ ತೀರ್ಮಾನ ಆಯ್ತು. ಐದೂವರೆ ತಿಂಗಳು ನಿಲ್ಲಿಸಿದ್ದು ವೇಸ್ಟ್ ಅಂತ ನಮ್ಮ ಚಾನೆಲ್‌ಗಳಾದ್ರೆ ಆವತ್ತು ಕೂಗಾಡ್ತಿದ್ದೆವು. ಆದರೆ ಬಿದ್ದ ಮೇಲೆ ಓಡಿದ್ದಲ್ಲ ಅದು. ಬೀಳುವ ಮೊದಲು, ನೀರು ಎಲ್ಲಿಗೆ ಹೋಗಬೇಕು ಅಂತ ಗೊತ್ತುಮಾಡಿಕೊಂಡು, ನೆಮ್ಮದಿಯಾಗಿ ನೋಡಿದ್ದು.

ಈಗ ಕೊಳವೆಯ ಇನ್ನೊಂದು ಮುಖ. ಇದನ್ನ ಹೇಳದೆ ಇದ್ರೆ ನಾನು ಕಂಪನಿ ಜಾಹೀರಾತು ಓದಿದ ಹಾಗಾಗುತ್ತೆ.

2011ರ ಜೂನ್. ಅಮೆರಿಕದ ನೆಬ್ರಾಸ್ಕ ರಾಜ್ಯ, ಮಿಸೌರಿ ನದಿಗೆ ಮಹಾಪೂರ. ದಡದಲ್ಲೇ ಫೋರ್ಟ್ ಕ್ಯಾಲ್ಹೌನ್ ಅಣು ವಿದ್ಯುತ್ ಸ್ಥಾವರ. ಇಂಧನ ಬದಲಾವಣೆಗೆ ಅಂತ ಏಪ್ರಿಲ್‌ನಿಂದಲೇ ನಿಲ್ಲಿಸಿದ್ದರು. ಸ್ಥಾವರದ ಸುತ್ತ ನೀರು ತುಂಬಿದ ತಡೆಗೋಡೆ ಹಾಕಿದ್ರು: 2,000 ಅಡಿ ಉದ್ದ, 8 ಅಡಿ ಎತ್ತರ, ಬುಡದಲ್ಲಿ 16 ಅಡಿ ಅಗಲ. ಅದು ಪ್ರವಾಹವನ್ನ ತಡೆದು ನಿಂತಿತ್ತು. ಜೂನ್ 26ರ ನಡುರಾತ್ರಿ ಒಳಗಡೆ ಕೆಲಸ ಮಾಡ್ತಿದ್ದ ಸಣ್ಣ ಲೋಡರ್ ಯಂತ್ರವೊಂದು ಅದಕ್ಕೆ ತಾಗಿತು. ಅಷ್ಟೇ. ಚೀಲ ಹರಿಯಿತು, ಒಳಗಿನ ನೀರು ಹೊರಗೆ, ಹೊರಗಿನ ನೀರು ಒಳಗೆ. ಸ್ಥಾವರದ ಕಟ್ಟಡಗಳ ಸುತ್ತ ನೀರು ನಿಂತಿತು. ಸ್ವಲ್ಪ ಹೊತ್ತು ಡೀಸೆಲ್ ಜನರೇಟರ್ ಮೇಲೆ ಸ್ಥಾವರ ನಡೆಸಬೇಕಾಯ್ತು. ಕಟ್ಟಡಗಳಿಗೆ ಬೇರೆ ರಕ್ಷಣೆ ಇತ್ತು, ಹಾಗಾಗಿ ವಿಕಿರಣ ಸೋರಲಿಲ್ಲ. ಫುಕುಶಿಮಾ ಆಗಿ ಇನ್ನೂ ನಾಲ್ಕು ತಿಂಗಳು ಆಗಿರಲಿಲ್ಲ ನೋಡಿ, ಜಗತ್ತೆಲ್ಲ ಉಸಿರು ಹಿಡಿದು ನೋಡಿತ್ತು.

ಮಿಸೌರಿಯನ್ನ ತಡೆದ ಗೋಡೆ ಒಬ್ಬ ಡ್ರೈವರ್‌ನ ಕೈತಪ್ಪಿಗೆ ಬಿತ್ತು. ಈ ಕೊಳವೆಯ ಗುಣ ಅದೇ, ದೋಷವೂ ಅದೇ. ಬೇಗ ಬರುತ್ತೆ, ಬೇಗ ಹೋಗುತ್ತೆ. ಇದರ ಹಿಂದೆ ಜನ ನಿಂತು ಕೆಲಸ ಮಾಡ್ತಾರೆ ಅಂದ್ರೆ ಕಾವಲು ಬೇಕು, ಯಂತ್ರ ಓಡಾಡೋಕೆ ದೂರದ ಗೆರೆ ಎಳೆದಿರಬೇಕು, ಮೇಲಿನ ಜಲಾಶಯದವರು ನೀರು ಬಿಡುವ ಮೊದಲು ಫೋನ್ ಮಾಡಬೇಕು. ನಮ್ಮಲ್ಲಿ ಕೊನೆಯದ್ದೇ ಕಷ್ಟ.

ಸರಿ. ಈಗ ಸಿಂಧನೂರಿನವರ ಪ್ರಶ್ನೆಗೆ ಬರ್ತೀನಿ.

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಜಲಾಶಯ ತುಂಬಿ ನಿಂತಿತ್ತು, 105 ಟಿಎಂಸಿ. 33 ಗೇಟುಗಳ ಪೈಕಿ 19ನೇ ಗೇಟಿನ ಸರಪಳಿ ತುಂಡಾಯ್ತು, ಗೇಟ್ ಕೊಚ್ಚಿಕೊಂಡು ಹೋಯ್ತು. ಆ ರಾತ್ರಿ ನಾವೆಲ್ಲ 'ಡ್ಯಾಮ್ ಒಡೆಯುತ್ತಾ?' ಅಂತ ಕೆಂಪಕ್ಷರದಲ್ಲಿ ಓಡಿಸಿದೆವು. ನಾನೂ ಓದಿದೆ. ಡ್ಯಾಮ್ ಒಡೆಯೋದಕ್ಕೂ ಗೇಟ್ ಹೋಗೋದಕ್ಕೂ ಇರುವ ವ್ಯತ್ಯಾಸ ಗೊತ್ತಿದ್ದೂ ಓದಿದೆ. ಕೆಳಗಿನ ಊರುಗಳಲ್ಲಿ ಎಷ್ಟು ಜನ ಆ ರಾತ್ರಿ ನಿದ್ದೆ ಮಾಡಲಿಲ್ಲವೋ.

ಒಂದು ಗೇಟ್ ಅಂದ್ರೆ ಎಷ್ಟು? 60 ಅಡಿ ಅಗಲ, 20 ಅಡಿ ಎತ್ತರ. ತುಂಬಿದ ಜಲಾಶಯ ಆ ಒಂದು ಗೇಟನ್ನ ತಳ್ಳೋ ಬಲ ಲೆಕ್ಕ ಹಾಕಿದ್ರೆ ಸುಮಾರು 340 ಟನ್ ಬರುತ್ತೆ. ಮೂವತ್ತು ನಾಲ್ಕು ಲಾರಿ, ಒಂದೊಂದರಲ್ಲೂ ಹತ್ತು ಟನ್ ಹೇರಿ, ಎಲ್ಲವೂ ಒಂದೇ ಬಾಗಿಲಿಗೆ ಒರಗಿ ನಿಂತ ಹಾಗೆ. ಗೇಟ್ ಹೋದಾಗ ಅಲ್ಲಿಂದ ನುಗ್ಗಿದ ನೀರು ಸುಮಾರು 35,000 ಕ್ಯೂಸೆಕ್. ಕ್ಯೂಸೆಕ್ ಅಂದ್ರೆ ಗೊಂದಲ ಆಗುತ್ತೆ ಅನ್ನೋರಿಗೆ ಒಂದು ಲೆಕ್ಕ ಹೇಳ್ತೀನಿ, ಬರೆದಿಟ್ಟುಕೊಳ್ಳಿ: 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದ್ರೆ ಒಂದು ಟಿಎಂಸಿ. ಅಂದ್ರೆ ಆ ಒಂದೇ ಗೇಟಿನಿಂದ ದಿನಕ್ಕೆ ಮೂರು ಟಿಎಂಸಿ. ಒತ್ತಡ ಇಳಿಸೋಕೆ ಉಳಿದ ಗೇಟುಗಳನ್ನೂ ತೆರೆಯಬೇಕಾಯ್ತು. ತೆರೆದಿದ್ದಕ್ಕೆ ರೈತರಿಗೆ ಸಂಕಟ ಆಗಿತ್ತು, ಸಹಜ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಗೇಟಿನ ಮೇಲಿನ ನೀರಿನ ಆಳ ಅರ್ಧ ಆದ್ರೆ ತಳ್ಳುವ ಬಲ ಅರ್ಧ ಆಗಲ್ಲ, ಕಾಲು ಭಾಗ ಆಗುತ್ತೆ. 340 ಟನ್ ಇದ್ದದ್ದು 85 ಟನ್. ಸ್ವಲ್ಪ ನೀರು ಇಳಿಸಿದ್ರೂ ಕೆಲಸ ಬಹಳ ಹಗುರ ಆಗೋದು ಅದಕ್ಕೇ.

ಅಲ್ಲಿ ಈ ಕೊಳವೆ ಹಾಕಬಹುದಿತ್ತಾ? ಇಲ್ಲ. ಕೊಳವೆ ಕೂರೋಕೆ ನೆಲ ಬೇಕು. ಗೇಟ್ ಇರೋದು ಅಣೆಕಟ್ಟಿನ ತಲೆಯ ಮೇಲೆ. ಅದರ ಹಿಂದೆ ನೆಲ ಇಲ್ಲ, ಆಳವಾದ ಜಲಾಶಯ ಇದೆ. ಗೇಟಿನ ಹೊಸ್ತಿಲ ಮೇಲೇ ಇಡೋಣ ಅಂದ್ರೆ 20 ಅಡಿ ಆಳದ ನೀರು, ಭೋರ್ಗರೆಯುವ ಸೆಳೆತ. ಪ್ಲಾಸ್ಟಿಕ್ ಚೀಲವನ್ನ ಬಿಚ್ಚುವ ಮೊದಲೇ ಅದು ಹಂಪಿ ದಾಟಿರುತ್ತೆ. ಅಣ್ಣಾ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದು. ನಿಮ್ಮ ವಿಡಿಯೋದ ಕೊಳವೆ ಸುಳ್ಳಲ್ಲ, ಆದರೆ ಅದು ನಿಮ್ಮ ಗೇಟಿಗೆ ಆಗಿಬರೋದಲ್ಲ.

ಹಾಗಾದ್ರೆ ಗೇಟಿಗೆ ಆಗಿಬರೋದು ಯಾವುದು? ಅದೂ ಒಂದು ತಾತ್ಕಾಲಿಕ ಗೋಡೆಯೇ. ಹೆಸರು ಸ್ಟಾಪ್‌ಲಾಗ್. ಕರಾವಳಿಯ ಕಿಂಡಿ ಅಣೆಕಟ್ಟಿನ ಹಲಗೆ ಇದೆಯಲ್ಲ, ಅದರದ್ದೇ ದೊಡ್ಡಣ್ಣ. ಮರದ ಬದಲು ಉಕ್ಕು. ಗೇಟಿನ ಮುಂದೆ, ಎರಡೂ ಕಡೆಯ ಕಂಬಗಳಲ್ಲಿ ಒಂದು ಗಾಡಿ ಇರುತ್ತೆ, ಅಂದ್ರೆ ಉದ್ದ ಸೀಳು. ಅದರೊಳಗೆ ಉಕ್ಕಿನ ಹಲಗೆಗಳನ್ನ ಒಂದರ ಮೇಲೊಂದು ಕ್ರೇನ್‌ನಿಂದ ಇಳಿಸ್ತಾರೆ. ನೀರು ಹಲಗೆಯ ಹಿಂದೆ ನಿಲ್ಲುತ್ತೆ, ಮುಂದಿರುವ ಗೇಟ್ ಒಣಗುತ್ತೆ. ಬಣ್ಣ ಹೊಡೀರಿ, ಸರಪಳಿ ಬದಲಾಯಿಸಿ, ಗೇಟನ್ನೇ ಬಿಚ್ಚಿ ಕೆಳಗಿಳಿಸಿ. ಜಲಾಶಯ ತುಂಬಿದ್ದರೂ ಚಿಂತೆಯಿಲ್ಲ. ಎಷ್ಟೋ ಅಣೆಕಟ್ಟುಗಳಲ್ಲಿ ಒಂದೆರಡು ಸೆಟ್ ಹಲಗೆ, ಅದನ್ನ ಎತ್ತಿ ಇಳಿಸುವ ಕ್ರೇನ್ ಸದಾ ಸಿದ್ಧ ಇರ್ತವೆ. ಒಂದು ಗೇಟಿನ ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗ್ತಾರೆ.

1953ರಲ್ಲಿ ಪೂರ್ತಿಯಾದ ತುಂಗಭದ್ರಾ ಅಣೆಕಟ್ಟಿನಲ್ಲಿ ಅದು ಇರಲಿಲ್ಲ.

ಇರಲಿಲ್ಲ ಅನ್ನೋ ಕಾರಣಕ್ಕೇ ಆ ಒಂದು ವಾರ ಅಷ್ಟು ಭಯಂಕರ ಆಯ್ತು. ಗೇಟಿನ ಹೊಸ್ತಿಲವರೆಗೆ ನೀರು ಇಳಿಸಬೇಕಾದ್ರೆ ಸುಮಾರು 60 ಟಿಎಂಸಿ ಹೊರಗೆ ಬಿಡಬೇಕು ಅನ್ನೋ ಮಾತು ಬಂತು. ಆಗ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸೋಣ ಅಂದ್ರು. 60 ಅಡಿ ಉದ್ದ, 4 ಅಡಿ ಎತ್ತರದ ಐದು ತುಂಡು. ಹೊಸಪೇಟೆ, ತೋರಣಗಲ್ಲು ಭಾಗದ ಕಾರ್ಖಾನೆಗಳಲ್ಲಿ ಹಗಲೂ ರಾತ್ರಿ ತಯಾರಾದವು. ದೊಡ್ಡ ಟ್ರೇಲರ್ ಲಾರಿಗಳ ಮೇಲೆ ಬಂದವು. ಕೆಳಗೆ ನೀರು ಬೊಬ್ಬೆ ಹೊಡೀತಿತ್ತು, ಮೇಲೆ ಕ್ರೇನಿನ ಕೊಕ್ಕೆಗೆ ತೂಗುತ್ತಿದ್ದ ಉಕ್ಕಿನ ಹಲಗೆ ಹಿಡಿದು ಕೆಲಸಗಾರರು ನಿಂತಿದ್ದರು. ಆಗಸ್ಟ್ 16ರ ಸಂಜೆ ಮೊದಲ ತುಂಡು ಕೂತಿತು. 17ಕ್ಕೆ ಐದೂ ಕೂತವು. ಜಲಾಶಯದಲ್ಲಿ 70 ಟಿಎಂಸಿ ಆಸುಪಾಸು ಉಳೀತು. ಮಳೆ ಮತ್ತೆ ಕೈಹಿಡಿಯಿತು, ಆ ವರ್ಷ ಜಲಾಶಯ ಪುನಃ ತುಂಬಿತು.

ನಾವು ಆ ತಂಡವನ್ನ ಹೀರೋಗಳು ಅಂತ ತೋರಿಸಿದೆವು. ಹೌದು, ಹೀರೋಗಳೇ. ನನಗೆ ಆ ಬಗ್ಗೆ ಅನುಮಾನ ಇಲ್ಲ. ಆದರೆ ಈಗ ಹಿಂತಿರುಗಿ ನೋಡಿದ್ರೆ ಕಿರಿಕಿರಿ ಆಗೋದು ಬೇರೆ ವಿಷಯಕ್ಕೆ. ಐದು ದಿನದಲ್ಲಿ ತಯಾರಾದ ವಸ್ತು ಅದು! ನಮ್ಮದೇ ಜಿಲ್ಲೆಯ ಉಕ್ಕು, ನಮ್ಮದೇ ಕಾರ್ಖಾನೆ. ಐದು ದಿನದಲ್ಲಿ ಆಗುವ ಕೆಲಸಕ್ಕೆ ಎಪ್ಪತ್ತು ವರ್ಷದಲ್ಲಿ ಪುರುಸೊತ್ತು ಸಿಗಲಿಲ್ಲ.

ಎಚ್ಚರಿಕೆ ಇರಲಿಲ್ಲವಾ? 2022ರ ಸೆಪ್ಟೆಂಬರ್ 21ರ ಬೆಳಗಿನ ಜಾವ ಕೇರಳದ ಪಾಲಕ್ಕಾಡ್ ಜಿಲ್ಲೆಯ ಪರಂಬಿಕುಳಂ ಅಣೆಕಟ್ಟಿನಲ್ಲಿ ಇದೇ ಆಗಿತ್ತು. ಸರಪಳಿ ತುಂಡು, ಮೂರು ಗೇಟಿನ ಪೈಕಿ ಒಂದು ಕೊಚ್ಚಿಹೋಯ್ತು, 20,000 ಕ್ಯೂಸೆಕ್ ನೀರು ಹೊರಗೆ. ನಮ್ಮ ಚಾನೆಲ್‌ಗಳಲ್ಲಿ ಅದು ಕೆಳಗಿನ ಪಟ್ಟಿಯಲ್ಲಿ ಒಂದು ಸಾಲಾಗಿ ಓಡಿ ಹೋಯ್ತು. ನಮ್ಮ ರಾಜ್ಯದ್ದಲ್ಲ ಅಲ್ವಾ. ಅದಕ್ಕೂ ಮೊದಲೇ, 2021ರಲ್ಲಿ, ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದಿತ್ತು. ಪ್ರತಿ ದೊಡ್ಡ ಅಣೆಕಟ್ಟಿಗೂ ನಿರ್ವಹಣೆ, ತಪಾಸಣೆ, ತುರ್ತು ಯೋಜನೆ ಎಲ್ಲ ಇರಬೇಕು ಅನ್ನುತ್ತೆ ಅದು. ಕಾಗದದ ಮೇಲೆ.

ಈಗ ಗೇಟ್ ಬದಲಾವಣೆ. ಇದನ್ನ ನಾನು ವಿರೋಧಿಸಲ್ಲ, ರೈತ ಸಂಘಟನೆಗಳೂ ಗೇಟ್ ಬೇಡ ಅಂತಿಲ್ಲ. 2025ರ ಮುಂಗಾರಿನಲ್ಲಿ ಜಾಗ್ರತೆಗೆ ಅಂತ 80 ಟಿಎಂಸಿ ಮಾತ್ರ ನಿಲ್ಲಿಸೋದು ಅಂತ ಮಾಡಿದ್ರು. ಮಳೆ ಚೆನ್ನಾಗಿತ್ತು, ನೀರು ನದಿಗೆ ಹೋಯ್ತು. ಮೊದಲ ಬೆಳೆಗೆ, ಕುಡಿಯೋಕೆ ಕೊಟ್ಟು ಉಳಿಯೋದು ಎಷ್ಟು? ಮೇಲಾಗಿ ನೀರು ಗೇಟಿನ ಹೊಸ್ತಿಲಿಗಿಂತ ಕೆಳಗಿಳಿದು ಮಳೆಗಾಲದ ತನಕ ಅಲ್ಲೇ ಇರಬೇಕು. ಗೇಟ್ ಒಂದೆರಡಲ್ಲ, ಮೂವತ್ತಮೂರು. ಹೀಗಾಗಿ ಬೆಳೆಗೆ ಕತ್ತರಿ.

ನನ್ನ ಅಭಿಪ್ರಾಯ ಕೇಳಿದ್ರೆ, ಈ ವರ್ಷ ಬೇರೆ ದಾರಿ ಇರಲಿಲ್ಲ. ಆದರೆ ಬೇರೆ ದಾರಿ ಇಲ್ಲದ ಜಾಗಕ್ಕೆ ನಾವು ಬಂದದ್ದು ಹೇಗೆ? ವರ್ಷಕ್ಕೆ ನಾಲ್ಕು ಗೇಟ್ ಅಂತ ಸ್ಟಾಪ್‌ಲಾಗ್ ಹಿಂದೆ ರಿಪೇರಿ ಮಾಡ್ತಾ ಬಂದಿದ್ರೆ ಎಂಟೊಂಬತ್ತು ವರ್ಷಕ್ಕೊಂದು ಸುತ್ತು ಮುಗೀತಿತ್ತು. ಯಾವ ರೈತನೂ ಒಂದು ಬೆಳೆ ಬಿಡಬೇಕಾಗಿರಲಿಲ್ಲ. ನಿರ್ವಹಣೆಗೆ ದುಡ್ಡು ಇಡಲಿಲ್ಲ ಅಂದ್ರೆ ಖರ್ಚು ತಪ್ಪಲ್ಲ, ಖರ್ಚು ಬೇರೆಯವರ ಲೆಕ್ಕಕ್ಕೆ ಹೋಗುತ್ತೆ. ಈ ಸಲ ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರದ ರೈತರ ಲೆಕ್ಕಕ್ಕೆ ಹೋಗಿದೆ. ಹೊಲದಲ್ಲಿ ಬೆಳೆಯದ ಭತ್ತ ಯಾವ ಇಲಾಖೆಯ ಖರ್ಚಿನ ಪಟ್ಟಿಯಲ್ಲೂ ಬರೋದಿಲ್ಲ. ಅವರು ಪರಿಹಾರ ಕೇಳ್ತಾ ಇರೋದು ದಾನ ಅಲ್ಲ, ಆ ಬಿಲ್ಲನ್ನ ಅಷ್ಟೇ.

ಆ ಕೊಳವೆಯ ವಿಷಯ ಅಲ್ಲಿಗೇ ಬಿಡೋದೂ ಬೇಡ. ಗೇಟಿಗೆ ಆಗಲ್ಲ, ಕಾಲುವೆಗೆ ಆಗುತ್ತೆ. ಹೊಸಪೇಟೆ, ಹಂಪಿ ಸುತ್ತ ವಿಜಯನಗರ ಕಾಲದ ಕಾಲುವೆಗಳು ಇವತ್ತಿಗೂ ಹರೀತಿವೆ. ತುರ್ತಾ ಕಾಲುವೆಯ ನೀರಲ್ಲಿ ಬಾಳೆ, ಕಬ್ಬು ಬೆಳೀತಾರೆ. ಇಂಥ ಕಡೆ ರಿಪೇರಿ ಅಂದ್ರೆ ಕಾಲುವೆ ಬಂದ್. ಬಾಳೆಗೆ ಬಂದ್ ಗೊತ್ತಾಗುತ್ತಾ? ಆಳ ಕಮ್ಮಿ, ಸೆಳೆತ ಕಮ್ಮಿ, ತಳ ಸಮ ಇರುವ ಕಾಲುವೆಯಲ್ಲಿ, ಹಳ್ಳದ ಸೇತುವೆಗಳಲ್ಲಿ, ಸಣ್ಣ ಒಡ್ಡುಗಳಲ್ಲಿ ಅರ್ಧ ಬಳಸಿ ಅರ್ಧ ಹರಿಸುವ ಈ ಪದ್ಧತಿ ಪ್ರಯತ್ನ ಮಾಡೋಕೆ ಯೋಗ್ಯ. ಜಿಲ್ಲೆಗೊಂದು ಸೆಟ್ ಇಟ್ಟುಕೊಂಡ್ರೂ ಒಂದು ಕೆಲಸದಿಂದ ಇನ್ನೊಂದಕ್ಕೆ ಸಾಗಿಸಬಹುದು. ರಬ್ಬರಿನ ಒಡ್ಡು ನಮ್ಮ ದೇಶಕ್ಕೆ ಹೊಸದೇನಲ್ಲ. ಬಿಹಾರದ ಗಯಾದಲ್ಲಿ ಫಲ್ಗು ನದಿಗೆ 2022ರಲ್ಲಿ 411 ಮೀಟರ್ ಉದ್ದದ ರಬ್ಬರ್ ಡ್ಯಾಮ್ ಆಗಿದೆ, ಪಿಂಡ ಬಿಡೋರಿಗೆ ನೀರಿರಲಿ ಅಂತ. ಅದು ಕಾಯಂ, ಇದು ತಾತ್ಕಾಲಿಕ, ಅಷ್ಟೇ ವ್ಯತ್ಯಾಸ. ಟೆಂಡರ್‌ನಲ್ಲಿ 'ನೀರು ಬೇರೆಡೆ ತಿರುಗಿಸುವುದು' ಅಂತ ಒಂದು ಸಾಲು ಬರೆದು, ಮಣ್ಣೇ ಹಾಕ್ತೀಯಾ, ಕೊಳವೆ ಹಾಕ್ತೀಯಾ, ಆಮೇಲೆ ಮಣ್ಣು ತೆಗೀತೀಯಾ ಅಂತ ಕೇಳಿದ್ರೆ ಸಾಕು. ಈಗ ಆ ಸಾಲು ಬರೋದೇ ಕಡಿಮೆ.

ಈ ಕಾರ್ಯಕ್ರಮ ಬರೆದ ಮೇಲೆ ಸಿಂಧನೂರಿನ ಆ ವೀಕ್ಷಕರಿಗೆ ಫೋನ್ ಮಾಡಿದೆ. ಅವರ ಕೊಳವೆ ಯಾಕೆ ಆಗಲ್ಲ ಅಂತ ಹೇಳೋಕೆ. ಗಾಣದ ಉದಾಹರಣೆ ಅವರಿಗೆ ತಕ್ಷಣ ಹತ್ತಿತು, ನಮ್ಮ ಎಡಿಟರ್‌ಗೆ ಎರಡು ಸಲ ಹೇಳಬೇಕಾಯ್ತು. ಸ್ಟಾಪ್‌ಲಾಗ್ ವಿಷಯ ಹೇಳ್ತಿದ್ದ ಹಾಗೆ ಅವರು ನಡುವೆ ತಡೆದ್ರು.

"ಸರ, ಒಂದ್ ಕೇಳ್ತೀನ್ರೀ. ಹತ್ತೊಂಬತ್ತಕ್ಕ ಹೊಸ ಗೇಟ್ ಕೂಡಿಸಿದ ಮ್ಯಾಲ ಆ ಐದು ತುಂಡು ತಗೀತಾರಲ್ರೀ, ಅವನ್ನ ಎಲ್ಲಿಡ್ತಾರ?"

"ಯಾಕ್ರೀ ಅಣ್ಣಾ?" ಅಂದೆ.

"ಅಲ್ರೀ, ನಮ್ಮನ್ಯಾಗ ಕುಂಟಿ, ಕೂರಗಿ ಕೆಲಸಾದ ಮ್ಯಾಲ ಎಣ್ಣಿ ಹಚ್ಚಿ ಅಟ್ಟಕ್ಕ ಏರಸ್ತೀವಿ. ಆ ತುಂಡು ಗುಜರಿಗೆ ಹಾಕಬ್ಯಾಡ್ರಿ ಅಂತ ಟಿವ್ಯಾಗ ಒಂದ್ ಮಾತ್ ಹೇಳ್ರಿ. ಒಂದ್ ಶೆಡ್ ಕಟ್ಟಿ ಅದರಾಗ ಇಡ್ಲಿ."

ಹೇಳಿದ್ದೇನೆ. ತುಂಗಭದ್ರಾ ಮಂಡಳಿಯವರು, ಜಲಸಂಪನ್ಮೂಲ ಇಲಾಖೆಯವರು ಯಾರಾದ್ರೂ ನೋಡ್ತಾ ಇದ್ರೆ ಉತ್ತರ ಕೊಡಿ, ಇದೇ ಸಮಯಕ್ಕೆ ಓದ್ತೀನಿ.